ಬಹುಮಹಡಿ ಬೇಡ ಅನ್ನುವ ಮೊದಲು ರಸ್ತೆ ಅಳೆದೆವು

ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯಲ್ಲಿ ಒಂದು ಹಳೇ ಹೆಂಚಿನ ಮನೆ ಬಿಲ್ಡರ್ ಒಬ್ಬರ ಕೈಗೆ ಹೋಗುವುದರಲ್ಲಿತ್ತು. ಅಲ್ಲಿ ಬಹುಮಹಡಿ ಅಪಾರ್ಟ್‌ಮೆಂಟ್ ಏಳುತ್ತದೆ ಎಂದು ತಿಳಿದದ್ದೇ ತಡ, ಬೀದಿಯಲ್ಲಿ ಎರಡು ಪಾಳಯವಾಯಿತು.

ಮೊದಲ ಸಭೆಯಲ್ಲಿ ಬರೀ ನೆನಪುಗಳು. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟು ಬಿಟ್ಟು ಜನ ಇಲ್ಲಿಗೆ ಬಂದರು, ಗಾಳಿ ಬೆಳಕಿಗಾಗಿಯೇ ಬೆಳೆದ ಬಡಾವಣೆ ಇದು ಎಂದೆಲ್ಲ ಮಾತಾಯಿತು. ನಿಜವೇ. ಆದರೆ ಮನೆಯ ಯಜಮಾನಿ ಅಜ್ಜಿ ಎದ್ದು ನಿಂತು, "ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೆ ಆಳು ಸಿಗಲ್ಲಪ್ಪಾ. ನೀವ್ಯಾರಾದ್ರೂ ಬರ್ತೀರಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಅವರ ಕಷ್ಟ ನ್ಯಾಯವಾದದ್ದು. ಮನೆ ಹಳೆಯದು ಅನ್ನುವ ಒಂದೇ ಕಾರಣಕ್ಕೆ ಬೆಂಗಳೂರಿನಲ್ಲಿ ಖಾಸಗಿ ಮನೆಗೆ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಹಾಗಾಗಿ ಅಳೆಯಲು ಬರುವ ವಿಷಯ ಮಾತ್ರ ಹಿಡಿಯೋಣ ಎಂದೆ. ಎಷ್ಟು ಕಟ್ಟಬಹುದು ಅನ್ನುವುದನ್ನು ತೀರ್ಮಾನಿಸುವ ಎಫ್‌ಎಆರ್ (ಸೈಟಿನ ಅಳತೆಗೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣದ ಅನುಪಾತ), ಸೈಟಿನ ಅಳತೆ ಮತ್ತು ಎದುರಿನ ರಸ್ತೆಯ ಅಗಲದ ಮೇಲೆ ನಿಂತಿದೆ. ರಸ್ತೆ ಅಗಲವಾಗಿದ್ದರೆ ಹೆಚ್ಚು ಕಟ್ಟಬಹುದು. ಬೆಳಿಗ್ಗೆ ಗಾಡಿಗಳ ಓಡಾಟ ಶುರುವಾಗುವ ಮುಂಚೆ ಟೇಪ್ ಹಿಡಿದು ಕಾಂಪೌಂಡಿನಿಂದ ಕಾಂಪೌಂಡಿಗೆ ಅಳೆದೆವು. ರಸ್ತೆಯ ಉದ್ದಕ್ಕೂ ಅಲ್ಲಲ್ಲಿ ಅಳೆಯಬೇಕು, ಏಕೆಂದರೆ ಅಗಲ ಒಂದೇ ಸಮ ಇರುವುದಿಲ್ಲ. ಪ್ರತಿ ಅಳತೆಗೂ ಟೇಪ್ ಕಾಣುವ ಹಾಗೆ ಫೋಟೋ ತೆಗೆದೆವು.

ಆಮೇಲೆ ಮಾಹಿತಿ ಹಕ್ಕಿನಲ್ಲಿ ಬಿಲ್ಡರ್‌ನ ಪ್ಲಾನಿನ ಪ್ರತಿ ತರಿಸಿದೆವು. ಅದರಲ್ಲಿ ರಸ್ತೆ ನಮ್ಮ ಅಳತೆಗಿಂತ ಅಗಲವಾಗಿತ್ತು! ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಯನ್ನೂ ಸೆಟ್‌ಬ್ಯಾಕಿಗೆ, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗಕ್ಕೆ, ಸೇರಿಸಿಕೊಂಡಿದ್ದರು. ಹಿಂದಿನ ಕಾಲದಲ್ಲಿ ಮಲ ಹೊರಲೆಂದು ಬಿಟ್ಟ ಸಾರ್ವಜನಿಕ ಜಾಗ ಅದು, ಯಾರ ಸೈಟಿಗೂ ಸೇರುವುದಿಲ್ಲ. ಈ ಎರಡನ್ನೇ ಬರೆದು, ಫೋಟೋ ಲಗತ್ತಿಸಿ ಪಾಲಿಕೆಗೆ ಆಕ್ಷೇಪಣೆ ಕೊಟ್ಟೆವು. ಪರಂಪರೆಯ ಮಾತು ಅದರಲ್ಲಿ ಒಂದೇ ಸಾಲು. ಅರ್ಜಿ ಕೊಟ್ಟರೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಅಜ್ಜಿಯ ಮನೆಗೆ ಹೋಗುವುದನ್ನು ನಾವು ಬಿಡಲಿಲ್ಲ. ಮಾರಬೇಡಿ ಎಂದು ಯಾರೂ ಹೇಳಲಿಲ್ಲ. ನಮ್ಮ ತಕರಾರು ಎತ್ತರದ ಮೇಲೆ, ನಿಮ್ಮ ಮೇಲಲ್ಲ ಅಂದೆವು. ಕೊನೆಗೆ ಅವರ ಮಗನೇ ಮೂಲ ಪತ್ರದ ನಕ್ಷೆ ತೋರಿಸಿದರು. ಓಣಿಯ ಗಡಿ ಅದರಲ್ಲಿ ಸ್ಪಷ್ಟವಾಗಿತ್ತು.

ಪ್ಲಾನ್ ತಿದ್ದುಪಡಿಯಾಗಿ ಬಂತು. ಮಹಡಿ ಕಡಿಮೆಯಾದವು, ಓಣಿ ಉಳಿಯಿತು. ಮನೆ ಮಾತ್ರ ಉಳಿಯಲಿಲ್ಲ, ಆ ನೋವು ನನಗಿದೆ. ಈಗ ಅಕ್ಕಪಕ್ಕದ ಅಡ್ಡರಸ್ತೆಗಳನ್ನೂ ಅಳೆದು ದಾಖಲೆ ಮಾಡುತ್ತಿದ್ದೇವೆ. ಮಾರಾಟದ ಸುದ್ದಿ ಬಂದ ಮೇಲೆ ಟೇಪ್ ಹುಡುಕಿದರೆ ತಡವಾಗುತ್ತದೆ.