ಅಮ್ಮನ ಡೆಕ್ಸಾ ಮಾತ್ರೆಯ ಲೆಕ್ಕ

ಮುದ್ದೆ ಕಟ್ಟುವಾಗ ಎಡಗೈ ಮಾತು ಕೇಳ್ತಿಲ್ಲ ಅಂದಳು ಅಮ್ಮ. ಬೆಳಗ್ಗೆ ಎದ್ದರೆ ತಲೆನೋವು, ವಾಂತಿ. ಪಿತ್ತ ಇರಬೇಕು ಅಂತ ಜೀರಿಗೆ ಕಷಾಯ ಕುಡಿಸುತ್ತಾ ಒಂದು ವಾರ ಕಳೆದೆವು. ನಾಲ್ಕು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಅದು ಮುಗಿದ ಕಥೆ ಅಂದುಕೊಂಡಿದ್ದೆವು. ಅರಸೀಕೆರೆಯಿಂದ ಹಾಸನಕ್ಕೆ ಹೋಗಿ ಎಂಆರ್‌ಐ ಮಾಡಿಸಿದರೆ, ಮೆದುಳಿನಲ್ಲಿ ಹಲವು ಗಡ್ಡೆ.

‘ಇದು ಬ್ರೇನ್ ಕ್ಯಾನ್ಸರಾ ಸಾರ್?’ ಅಂತ ಕೇಳಿದೆ. ಅಲ್ಲ, ಸ್ತನದ ಕ್ಯಾನ್ಸರೇ ರಕ್ತದಲ್ಲಿ ಹೋಗಿ ಅಲ್ಲಿ ಬೆಳೆದಿದೆ ಎಂದರು. ಒಂದೆರಡು ಸಣ್ಣ ಗಡ್ಡೆಯಾದರೆ ಅಷ್ಟಕ್ಕೇ ಗುರಿಯಿಟ್ಟು ಕಿರಣ ಬಿಡುತ್ತಾರೆ, ಕೆಲವರಿಗೆ ಆಪರೇಷನ್. ಅಮ್ಮನಿಗೆ ಬೆಂಗಳೂರಿನಲ್ಲಿ ಇಡೀ ತಲೆಗೆ 10 ಸಲ ಕರೆಂಟ್, ಅಂದರೆ ಇದೇ ಕಿರಣ ಚಿಕಿತ್ಸೆ, ಕೊಟ್ಟರು. ತಲೆ ಅಲುಗಾಡಬಾರದಲ್ವಾ, ಅದಕ್ಕೆ ಮುಖದ ಅಳತೆಗೆ ಜಾಲರಿ ಮಾಸ್ಕ್ ಮಾಡಿ ಬಿಗಿಯುತ್ತಿದ್ದರು.

ನಿಜವಾದ ಕೆಲಸ ಇದ್ದದ್ದು ಮನೆಯಲ್ಲಿ. ಡಾಕ್ಟರು ಬರೆದುಕೊಟ್ಟ ಡೆಕ್ಸಾ (ಡೆಕ್ಸಾಮೆಥಾಸೋನ್) ಅನ್ನೋದು ಸ್ಟೀರಾಯ್ಡ್ ಮಾತ್ರೆ. ಅದು ಗಡ್ಡೆಯ ಸುತ್ತಲಿನ ಊತ ಇಳಿಸುತ್ತದೆ, ಗಡ್ಡೆಯನ್ನಲ್ಲ. ಶುರುಮಾಡಿದ ಎರಡೇ ದಿನಕ್ಕೆ ತಲೆನೋವು ಇಳಿಯಿತು, ಕೈ ಸ್ವಲ್ಪ ಹಿಡಿತಕ್ಕೆ ಬಂತು. ಆದರೆ ನಿದ್ದೆ ಹೋಯಿತು. ರಾತ್ರಿ 2 ಗಂಟೆಗೆ ಎದ್ದು ಪಾತ್ರೆ ತೊಳೆಯಲು ಕೂರುತ್ತಿದ್ದಳು! ಎರಡನೇ ಮಾತ್ರೆಯನ್ನು ರಾತ್ರಿ ಬದಲು ಮಧ್ಯಾಹ್ನಕ್ಕೆ ಕೊಡಿ ಎಂದರು ಡಾಕ್ಟರು. ಅದರಿಂದ ಎಷ್ಟೋ ವಾಸಿಯಾಯಿತು.

ನಾನು ಎಡವಿದ್ದು ಇಲ್ಲಿ. ಡೆಕ್ಸಾದಿಂದ ಶುಗರ್ 300 ದಾಟಿತು ಅಂತ ಹೆದರಿ, ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿಬಿಟ್ಟೆ. ಮೂರನೇ ದಿನಕ್ಕೆ ಮತ್ತೆ ವಾಂತಿ, ಮಂಕು, ಮಾತು ತೊದಲು. ಡಾಕ್ಟರು ಸರಿಯಾಗೇ ಬೈದರು. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದರೆ ದೇಹ ತನ್ನದನ್ನು ಮಾಡುವುದು ಕಡಿಮೆ ಮಾಡುತ್ತದಂತೆ. ಹಾಗಾಗಿ ಅವರು ಹೇಳಿದಂತೆ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಸಬೇಕು. ಶುಗರ್‌ಗೆ ಬೇರೆ ಮಾತ್ರೆ ಬರೆದರು. ಅವತ್ತಿನಿಂದ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ದಿನಾ ಬರೆಯುತ್ತೇನೆ: ಎಷ್ಟು ಡೆಕ್ಸಾ, ಶುಗರ್ ಎಷ್ಟು, ತಲೆನೋವು ಇತ್ತಾ.

ಒಂದು ರಾತ್ರಿ ಫಿಟ್ಸ್ ಬಂತು. ಪಕ್ಕದ ಮನೆ ಅಜ್ಜಿ ಬೀಗದ ಕೈ ಗೊಂಚಲು ಹಿಡಿದು ಓಡಿಬಂದರು. ‘ಬೇಡ ಅಜ್ಜಿ’ ಅಂದು ಅಮ್ಮನನ್ನು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡುತ್ತಾ ಕೂತೆ. ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಅಂದಿದ್ದರು. ಎರಡು ನಿಮಿಷಕ್ಕೇ ನಿಂತಿತು. ಮಾರನೇ ದಿನವೇ ಕರೆದುಕೊಂಡು ಹೋಗಿ, ಫಿಟ್ಸ್ ಮಾತ್ರೆ ಶುರುವಾಯಿತು.

ಈಗ ಡೆಕ್ಸಾ ಅರ್ಧ ಮಾತ್ರೆಗೆ ಇಳಿದಿದೆ. ಅದರ ದೆಸೆಯಿಂದ ತೊಡೆಯಲ್ಲಿ ಬಲವಿಲ್ಲ, ಮಣೆಯಿಂದ ಏಳಲು ಆಗುವುದಿಲ್ಲ. ಒಲೆ ಹತ್ತಿರ ಕುರ್ಚಿ ಹಾಕಿಕೊಟ್ಟಿದ್ದೇನೆ. ಮುದ್ದೆ ತೊಳಸುವುದು ನಾನು, ಗಂಟಾಯ್ತು ಅಂತ ಬೈಯುವುದು ಅವಳು.