ನಿಮ್ಮ ಕೋಟೆಗೊಂದು ಕುಂಬಾರ ಗುಡ್ಡ ಬೇಕು

ಡ್ವಾರ್ಫ್ ಫೋರ್ಟ್ರೆಸ್ ಅನ್ನುವ ಕಂಪ್ಯೂಟರ್ ಗೇಮ್ ಆಡುವವರಿಗೆಲ್ಲ ಈ ಹಂತ ಬಂದೇ ಬರುತ್ತದೆ. ಉಗ್ರಾಣ ತುಂಬಿದೆ, ಹೆಂಡದ ಪೀಪಾಯಿಗಳಿಗೆ ಲೆಕ್ಕವಿಲ್ಲ, ಸೈನಿಕರೆಲ್ಲ ಉಕ್ಕಿನ ಕವಚ ತೊಟ್ಟಿದ್ದಾರೆ. ಗಾಬ್ಲಿನ್ ಅನ್ನುವ ಶತ್ರುಗಳ ದಂಡು ಬಂತಾ? ಲಿವರ್ ಎಳೆದು ಸೇತುವೆ ಎತ್ತಿದರೆ ಮುಗೀತು. ಆಮೇಲೆ ಸುಮ್ನೆ ಸ್ಕ್ರೀನ್ ನೋಡುತ್ತಾ ಕೂರೋದು. ಬಹಳ ಜನ ಇಲ್ಲೇ ಬೇಜಾರಾಗಿ, ಹೊಸದಾಗಿ ಏಳು ಕುಳ್ಳರನ್ನು ಕಟ್ಟಿಕೊಂಡು ಇನ್ನೊಂದು ಕೋಟೆ ಶುರು ಮಾಡುತ್ತಾರೆ. ಸ್ವಲ್ಪ ತಡೀರಿ. ಹಳೇ ಕೋಟೆಯಲ್ಲೇ ಇನ್ನೂ ಆಟ ಬಾಕಿ ಇದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟಾರ್ನ್ ಆಡಮ್ಸ್, ಜ್ಯಾಕ್ ಆಡಮ್ಸ್ ಅನ್ನುವ ಅಮೆರಿಕದ ಅಣ್ಣತಮ್ಮಂದಿರ ಗೇಮ್ ಇದು. ಕುಳ್ಳರಿಗೆ ಕೋಟೆ ಕಟ್ಟಿಸಿ ಅವರನ್ನು ನೋಡಿಕೊಳ್ಳೋದು ಇದರ ಆಟ. 2006ರಲ್ಲಿ ಬಂದಾಗ ಚಿತ್ರಗಳೇ ಇರಲಿಲ್ಲ, ಬರೀ ಅಕ್ಷರ ಮತ್ತು ಚಿಹ್ನೆ. 2022ರ ಡಿಸೆಂಬರ್‌ನಲ್ಲಿ ಚಿತ್ರಗಳೊಂದಿಗೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಗೆ ಬಂತು. ಹಳೇ ರೂಪ ಈಗಲೂ ಪುಕ್ಕಟೆ ಸಿಗುತ್ತದೆ. ಇದರಲ್ಲಿ ಗೆಲ್ಲೋದು ಅಂತಲೇ ಇಲ್ಲ. ಸೋಲೋದೇ ಮಜಾ ಅನ್ನೋದು ಇದನ್ನು ಆಡುವವರ ಮಾತು.

ಏನು ಮಾಡುವ ಮುಂಚೆಯೂ ಸೇವ್ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಡಿ, ಆಟೋಸೇವ್ ಆನ್ ಮಾಡಿ. ನಮ್ಮ ಬಳ್ಳಾರಿ ಬೇಸಿಗೆಯಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ.

ಹೊರಗೆ ಏನಾದರೂ ಇಡಿ

ರಾಯಚೂರಿಗಾಗಿ ಎಷ್ಟು ಯುದ್ಧ ಆಯಿತು ನೋಡಿ. ಮೊದಲು ವಿಜಯನಗರ ಮತ್ತು ಬಹಮನಿಗಳ ನಡುವೆ, ಆಮೇಲೆ ಬಿಜಾಪುರದ ಜೊತೆ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಆ ಕೋಟೆ ಹಿಡಿದ. ಆದರೆ ಜಗಳ ಬರೀ ಕಲ್ಲುಗೋಡೆಗೆ ಅಲ್ಲ, ಕೃಷ್ಣಾ ತುಂಗಭದ್ರಾ ನಡುವಿನ ಆ ನೆಲಕ್ಕೆ. ಈಗ ನಿಮ್ಮ ಕೋಟೆ ನೋಡಿ. ಹೊಲ ಒಳಗೆ, ಬಾವಿ ಒಳಗೆ, ಗುಡಿ ಒಳಗೆ, ಹೆಂಡದಂಗಡಿಯೂ ಒಳಗೆ. ಗೋಡೆಯಾಚೆ ಕಳೆದುಕೊಳ್ಳೋಕೆ ಏನೂ ಇಲ್ಲ, ಅದಕ್ಕೇ ಬೇಜಾರು.

ಹಾಗಾಗಿ ಮೊದಲ ಕೆಲಸ, ಒಂದಿಷ್ಟು ಬದುಕನ್ನು ಹೊರಗೆ ತನ್ನಿ. ವ್ಯಾಪಾರದ ಡಿಪೋ ಹೆಬ್ಬಾಗಿಲಿನ ಆಚೆ ಕಟ್ಟಿ, ವರ್ತಕರನ್ನು ಕಾಯುವ ಜವಾಬ್ದಾರಿ ನಿಮ್ಮದಾಗುತ್ತದೆ. ಕುರಿ, ದನ ಬಯಲಲ್ಲಿ ಮೇಯಲಿ. ದೊಡ್ಡ ಹೆಂಡದಂಗಡಿಯೊಂದನ್ನು ಬಯಲಿನ ನಡುವೆ ಕಟ್ಟಿ, ಅದರ ಸುತ್ತ ನಾಲ್ಕು ಮನೆ ಎಬ್ಬಿಸಿ. ನಿಮಗೆ ನೀವೇ ಒಂದು ಕಟ್ಟಳೆ ಹಾಕಿಕೊಳ್ಳಿ: ಹೊರಗಿರುವ ಕೊನೆಯ ಕುಳ್ಳ ಒಳಗೆ ಬರುವ ತನಕ ಸೇತುವೆ ಎತ್ತೋ ಹಾಗಿಲ್ಲ. ಇದೊಂದರಿಂದಲೇ ಆಟ ಅರ್ಧ ಬದಲಾಗುತ್ತದೆ.

ಬೇಕಂತಲೇ ಒಂದು ಕೊರತೆ

ಬಳ್ಳಾರಿ ಕೋಟೆಯ ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರ್‌ನಿಂದ ಕೋಟೆ ಕಟ್ಟಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ, ಅಲ್ಲಿ ತೋಪು ಇಟ್ಟರೆ ಕೋಟೆ ಉಳಿಯೋದಿಲ್ಲ. ಸಿಟ್ಟಿಗೆದ್ದು ಎಂಜಿನಿಯರ್‌ನನ್ನು ಗಲ್ಲಿಗೇರಿಸಿದನಂತೆ. ನಿಜವೋ ಸುಳ್ಳೋ ಬಿಡಿ, ಆ ಪಾಪದವನ ತಪ್ಪನ್ನೇ ನೀವು ಬೇಕಂತ ಮಾಡಬೇಕು.

ಅಂದರೆ, ಮೊದಲು ಪಂಜರದ ಬಲೆಗಳನ್ನು ತೆಗೆಯಿರಿ. ಬಾಗಿಲ ದಾರಿಯುದ್ದಕ್ಕೂ ಪಂಜರ ಇಟ್ಟರೆ ಬಂದವರೆಲ್ಲ ತಾವಾಗೇ ಒಳಗೆ ಬೀಳುತ್ತಾರೆ, ನಿಮ್ಮ ಸೈನಿಕರಿಗೆ ಸಂಬಳ ದಂಡ. ಆಮೇಲೆ ನೆಲದಡಿಯ ಗುಹೆ. ಗುಹೆಗಳು ಮೂರು ಹಂತದಲ್ಲಿ ಇರುತ್ತವೆ, ಬಹಳ ಜನ ಹೆದರಿ ಮೂರಕ್ಕೂ ಗೋಡೆ ಹಾಕಿಬಿಟ್ಟಿರುತ್ತಾರೆ. ಮೊದಲನೆಯದನ್ನು ತೆರೆಯಿರಿ. ಅಣಬೆ ಮರದ ಕಟ್ಟಿಗೆ, ಜೇಡರ ರೇಷ್ಮೆ ಸಿಗುತ್ತದೆ. ಜೊತೆಗೆ ಮರೆತುಹೋದ ಮೃಗಗಳೂ ಬರುತ್ತವೆ. ಈ ಮೃಗಗಳ ರೂಪವನ್ನು ಗೇಮ್ ತಾನೇ ಸೃಷ್ಟಿಸುತ್ತದೆ, ಒಂದರ ಹಾಗೆ ಇನ್ನೊಂದಿಲ್ಲ. ಒಂದು ಬೆಂಕಿ ಉಗುಳಿದರೆ ಇನ್ನೊಂದು ವಿಷದ ಧೂಳು ಎಬ್ಬಿಸುತ್ತದೆ. ಗುಹೆಯ ಬಾಯಲ್ಲೇ ಒಂದು ಪಡೆಗೆ ಮನೆ ಮಾಡಿಕೊಡಿ, ಅವರ ಹಿಂದೆ ಇನ್ನೊಂದು ಬಾಗಿಲು ಇರಲಿ.

ಇಷ್ಟೂ ಸಾಲದಿದ್ದರೆ ಸೆಟ್ಟಿಂಗ್‌ನಲ್ಲಿ ಶತ್ರುಗಳ ಕಾಟ ಹೆಚ್ಚಿಸಬಹುದು. ನನಗೆ ಅದು ಅಷ್ಟು ಇಷ್ಟವಿಲ್ಲ. ಅದೇ ಗಾಬ್ಲಿನ್‌ಗಳು ಜಾಸ್ತಿ ಸಂಖ್ಯೆಯಲ್ಲಿ ಬರುತ್ತವೆ, ಅಷ್ಟೇ.

ಪಡೆಯನ್ನು ಹೊರಗೆ ಕಳಿಸಿ

ಪ್ರಪಂಚದ ನಕ್ಷೆ ತೆರೆದು, ಕದ್ದುಹೋದ ಕಲಾಕೃತಿಯನ್ನೋ ಅಪಹರಿಸಿದ ಮಕ್ಕಳನ್ನೋ ತರೋಕೆ ನಿಮ್ಮ ಪಡೆಯನ್ನು ಕಳಿಸಬಹುದು. ಕಳಿಸುವುದಾದರೆ ಒಳ್ಳೆಯ ಪಡೆಯನ್ನೇ ಕಳಿಸಿ. ಅವರು ದೂರ ಇರುವಾಗ ಊರು ಕಾಯೋಕೆ ಎಳೆಯರು ಮಾತ್ರ ಉಳಿಯುತ್ತಾರಲ್ಲ, ಆ ತಿಂಗಳುಗಳೇ ಮಜಾ. ಆದರೆ ಎಲ್ಫ್ ಅನ್ನುವ ಇನ್ನೊಂದು ಜನಾಂಗದವರ ಊರಿನ ಮೇಲೆ ಸುಮ್ನೆ ದಾಳಿ ಮಾಡಬೇಡಿ, ವ್ಯಾಪಾರಕ್ಕೆ ಬರುತ್ತಿದ್ದವರು ಯುದ್ಧಕ್ಕೆ ಬರುತ್ತಾರೆ. ಅದೇ ಬೇಕಿದ್ದರೆ ಸರಿ.

ಹೊರಲಾರದ ಕೆಲಸ ಹೊರಿ

ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ ಕಲ್ಲೊಂದಿದೆ, ಉದ್ದ 41 ಅಡಿಗೂ ಜಾಸ್ತಿ. ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಗೋಡೆಯ ಮೇಲೆ ಕೆತ್ತಿದ್ದಾರೆ. ಅಷ್ಟು ದೊಡ್ಡ ಕಲ್ಲು ಇಲ್ಲದಿದ್ದರೂ ಗೋಡೆ ನಿಲ್ಲುತ್ತಿತ್ತು, ಅಲ್ವಾ? ನಿಮ್ಮದೂ ಅಂಥ ಕೆಲಸವೇ ಆಗಿರಲಿ, ಅಂದರೆ ತರೋದೇ ಕಷ್ಟ ಇರಬೇಕು.

ನನ್ನ ಆಯ್ಕೆ ಪಾತಾಳದ ಮ್ಯಾಗ್ಮಾವನ್ನು, ಅಂದರೆ ಕರಗಿದ ಕಲ್ಲನ್ನು, ಗುಡ್ಡದ ತುದಿಗೆ ಏರಿಸೋದು. ಒಂದು ಪಂಪು ಒಂದು ಹಂತ ಮಾತ್ರ ಎತ್ತುತ್ತದೆ, ಹಾಗಾಗಿ ಒಂದರ ಮೇಲೊಂದು ಪಂಪು ಕೂರಿಸುತ್ತಾ ಹೋಗಬೇಕು. ಭಾಗಗಳು ಕಬ್ಬಿಣದ್ದೋ ಉಕ್ಕಿನದ್ದೋ ಇರಲಿ. ಮರದ್ದು ಸುಟ್ಟುಹೋಗುತ್ತದೆ, ತಾಮ್ರ ಕರಗುತ್ತದೆ. ಪ್ರತಿ ಪಂಪಿಗೆ 10 ಶಕ್ತಿ ಬೇಕು, ಒಂದು ನೀರಿನ ಚಕ್ರ 100 ಕೊಡುತ್ತದೆ, ಅದರಲ್ಲಿ 10 ಅದಕ್ಕೇ ಬೇಕು. 50 ಪಂಪು ಅಂದರೆ ಆರು ಚಕ್ರ, ಮೇಲೆ ಗೇರು ಆ್ಯಕ್ಸಲ್ ಖರ್ಚಿಗೆ ಇನ್ನೂ ಒಂದೆರಡು. ಮ್ಯಾಗ್ಮಾ ಮೇಲೆ ಬಂದ ಮೇಲೆ ಅದಕ್ಕೆ ನೀರು ಸೇರಿಸಿದರೆ ಕಪ್ಪು ಗಾಜುಗಲ್ಲಾಗುತ್ತದೆ. ಅಚ್ಚು ಕಟ್ಟಿ ಹೀಗೆ ಎರಕ ಹೊಯ್ದರೆ ಇಡೀ ಬುರುಜು ಒಂದೇ ಕಲ್ಲಲ್ಲಿ ಸಿಗುತ್ತದೆ. ಒಂದು ಎಚ್ಚರ: ಪಂಪಿನಿಂದ ಬಂದ ಮ್ಯಾಗ್ಮಾ ಒತ್ತಡದಲ್ಲಿ ನುಗ್ಗುತ್ತದೆ. ಪಂಪು ನಿಲ್ಲಿಸುವ ಲಿವರ್ ಎಲ್ಲಿದೆ ಅಂತ ಮೊದಲೇ ಗುರುತು ಮಾಡಿಕೊಳ್ಳಿ.

ಕೋಟೆ ನಿಧಾನವಾದರೆ

ಹಳೇ ಕೋಟೆಯ ನಿಜವಾದ ಶತ್ರು ಗಾಬ್ಲಿನ್ ಅಲ್ಲ, ತೆವಳುವ ಕಂಪ್ಯೂಟರು. ಜನಸಂಖ್ಯೆಯ ಮಿತಿ ಮಾಮೂಲಾಗಿ 200 ಇರುತ್ತದೆ, ಸೆಟ್ಟಿಂಗ್‌ನಲ್ಲಿ 100ಕ್ಕೆ ಇಳಿಸಿ. ಮರಿ ಹಾಕುತ್ತಲೇ ಇರುವ ಬೆಕ್ಕುಗಳನ್ನು ಹದ್ದುಬಸ್ತಿನಲ್ಲಿಡಿ. ಹರಿದ ಬಟ್ಟೆ, ಬೇಡದ ಕಲ್ಲುಗಳನ್ನು ಎತ್ತುವ ಸೇತುವೆಯ ಕೆಳಗೆ ರಾಶಿ ಹಾಕಿ ಸೇತುವೆ ಇಳಿಸಿ, ಪುಡಿಯಾಗಿ ಮಾಯ ಆಗುತ್ತವೆ.

ಇಷ್ಟೆಲ್ಲ ಆದ ಮೇಲೂ ಸಾಕು ಅನ್ನಿಸಿದರೆ ಕೋಟೆ ಅಳಿಸಬೇಡಿ, ರಿಟೈರ್ ಮಾಡಿ, ಅಂದರೆ ಕುಳ್ಳರ ಕೈಗೇ ಬಿಟ್ಟು ಹೊರಡಿ. ಅದೇ ಪ್ರಪಂಚದಲ್ಲಿ ಅಡ್ವೆಂಚರ್ ಮೋಡ್ ಶುರು ಮಾಡಿದರೆ ಒಬ್ಬಂಟಿ ಪ್ರಯಾಣಿಕನಾಗಿ ನಿಮ್ಮ ಕೋಟೆಗೇ ನಡೆದುಕೊಂಡು ಹೋಗಬಹುದು. ರಿಟೈರ್ ಮಾಡುವ ಮುಂಚೆ ಸೇತುವೆ ಇಳಿಸಿರಿ, ಇಲ್ಲದಿದ್ದರೆ ನಿಮ್ಮ ಬಾಗಿಲ ಮುಂದೆ ನೀವೇ ನಿಲ್ಲಬೇಕಾಗುತ್ತದೆ.