ಹಳೇ ಎಂಜಿಬಿ ಕಾರಿಗೆ ಫ್ಯುಯೆಲ್ ಇಂಜೆಕ್ಷನ್ ಹಾಕಿಸಬೇಕೆ? ಮೊದಲು ಲೆಕ್ಕ ಹೀಗೆ ಹಾಕಿ

"ಎಷ್ಟಾಗುತ್ತೆ?" ಅಂತ ಕೇಳಿಕೊಂಡು ಬರುವವರಿಗೆ ನಾನು ತಿರುಗಿ ಕೇಳುವುದು ಒಂದೇ: "ಈಗ ಏನು ತೊಂದರೆ?" ಶಿವಮೊಗ್ಗದಲ್ಲಿ ಕಾರ್ಬುರೇಟರ್, ವೈರಿಂಗ್ ಕೆಲಸ ಮಾಡಿಕೊಂಡಿರುವವನು ನಾನು. ಕೊಪ್ಪದ ಹತ್ತಿರ ಅಡಿಕೆ ತೋಟ ಇರುವ ಒಬ್ಬರು ತಮ್ಮ 1966ರ ಎಂಜಿಬಿ (ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು) ತಂದು ನಿಲ್ಲಿಸಿದರು. "ಬೆಳಿಗ್ಗೆ ಚೋಕ್ ಎಳೆದು ಎಳೆದು ಸಾಕಾಯ್ತು ಮಾರಾಯ, ಇಂಜೆಕ್ಷನ್ ಹಾಕಿಬಿಡು" ಅಂದರು. ಅಂದರೆ ಕಾರ್ಬುರೇಟರ್ ತೆಗೆದು, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಕೂರಿಸುವುದು. ಅವರಿಗೆ ಮಾಡಿಕೊಟ್ಟ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾರು ಬೇರೆಯಾದರೂ ಲೆಕ್ಕದ ದಾರಿ ಇದೇ.

ಮೊದಲು ಈಗಿರುವ ಕಾರ್ಬುರೇಟರನ್ನು ಸರಿಮಾಡಲು ಎಷ್ಟಾಗುತ್ತದೆ ಅಂತ ಬರೆದಿಡಿ. ಇದನ್ನು ಬಿಟ್ಟು ನೇರ ಕಿಟ್ ಬೆಲೆ ನೋಡಲು ಕೂತರೆ ಲೆಕ್ಕ ದಾರಿ ತಪ್ಪುತ್ತದೆ. ಈ ಎಂಜಿಬಿಯಲ್ಲಿ ಇರುವುದು ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. ಎಂಜಿನ್ ಐಡಲ್‌ನಲ್ಲಿ ಬಿಟ್ಟು ಥ್ರಾಟಲ್ ಸ್ಪಿಂಡಲ್‌ನ (ಗಾಳಿ ಬಿಡುವ ಬಾಗಿಲನ್ನು ತಿರುಗಿಸುವ ಕಡ್ಡಿ) ತುದಿಗೆ ಸ್ವಲ್ಪ ಕಾರ್ಬುರೇಟರ್ ಕ್ಲೀನರ್ ಹೊಡೆಯಿರಿ. ಎಕ್ಸಾಸ್ಟ್ ಬಿಸಿ ಇದ್ದರೆ ಹುಷಾರು, ಕೆಂಡದಂತಿರುತ್ತದೆ. ಆರ್‌ಪಿಎಂ ಏರುಪೇರಾದರೆ ಸ್ಪಿಂಡಲ್ ಸವೆದಿದೆ, ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತಿದೆ ಅಂತ ಅರ್ಥ. ಎಂಜಿನ್ ಆಫ್ ಮಾಡಿ, ಮೇಲಿನ ಡ್ಯಾಂಪರ್ ತೆಗೆದು, ಪಿಸ್ಟನ್ ಎತ್ತಿ ಬಿಡಿ. 'ಟಕ್' ಅಂತ ಬೀಳಬೇಕು. ಮಧ್ಯದಲ್ಲಿ ಹಿಡಿದರೆ ಕೊಳೆ ಕೂತಿದೆ, ಇಲ್ಲಾ ಪೆಟ್ರೋಲ್ ಅಳೆಯುವ ಸೂಜಿ, ಅಂದರೆ ನೀಡಲ್, ತಾನು ಇಳಿಯುವ ಜೆಟ್‌ಗೆ ಉಜ್ಜುತ್ತಿದೆ. ಹೊಸ ಬುಶ್, ಸ್ಪಿಂಡಲ್, ನೀಡಲ್, ಜೆಟ್, ಗ್ಯಾಸ್ಕೆಟ್, ಜೊತೆಗೆ ಒಳ್ಳೆಯ ಲೇತ್ ಕೆಲಸದವರು ಸಿಕ್ಕರೆ ಇವೆಲ್ಲ ಸರಿಯಾಗುತ್ತವೆ. ಪ್ಲಗ್‌ಗೆ ಕಿಡಿ ಕೊಡಿಸುವ ಸಿ.ಬಿ. ಪಾಯಿಂಟ್ ಹಾಳಾಗಿ ಕಾರ್ಬುರೇಟರ್ ಬೈಸಿಕೊಳ್ಳುವುದೂ ಉಂಟು, ಅದನ್ನೂ ನೋಡಿ.

ಇಂಜೆಕ್ಷನ್‌ಗೆ ಆಗುವ ಒಟ್ಟು ಖರ್ಚಿನಲ್ಲಿ ಈ ಮೊತ್ತ ಕಳೆಯಿರಿ. ಉಳಿದಿದ್ದೇ ಇಂಜೆಕ್ಷನ್‌ನ ನಿಜವಾದ ಬೆಲೆ.

ಇನ್ನೊಂದು ವಿಷಯ, ಪೆಟ್ರೋಲ್. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪು, ಸೀಲುಗಳಿಗೆ ಎಥನಾಲ್ ಆಗಿಬರುವುದಿಲ್ಲ. ಮಳೆಗಾಲವಿಡೀ ಶೆಡ್‌ನಲ್ಲಿ ನಿಂತ ಕಾರಿನ ಟ್ಯಾಂಕಿಗೆ ಅದು ತೇವವನ್ನೂ ಎಳೆದುಕೊಳ್ಳುತ್ತದೆ. ಪೈಪು ಬದಲಿಸಿ ಟ್ಯಾಂಕ್ ತೊಳೆಸುವುದು ಕಾರ್ಬುರೇಟರ್ ಇದ್ದರೂ ತಪ್ಪಿದ್ದಲ್ಲ. ಎರಡೂ ಕಡೆ ಬರುವ ಖರ್ಚನ್ನು ಇಂಜೆಕ್ಷನ್ ತಲೆಗೆ ಕಟ್ಟಬೇಡಿ.

ಈಗ ಇಂಜೆಕ್ಷನ್ ಪಟ್ಟಿ. ಕಿಟ್ ಮಾರುವವರು ತೋರಿಸುವುದು ಥ್ರಾಟಲ್ ಬಾಡಿ, ಇಂಜೆಕ್ಟರ್, ಇಸಿಯು (ಎಷ್ಟು ಪೆಟ್ರೋಲ್ ಅಂತ ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರ್), ಸೆನ್ಸರ್. ದುಡ್ಡು ಸೋರುವುದು ಉಳಿದ ಕಡೆ.

ಎಂಜಿಬಿಯ ಹಳೇ ಪಂಪ್ ಕೊಡುವ ಒತ್ತಡ ಸುಮಾರು 3 ಪಿಎಸ್‌ಐ. ಇಂಜೆಕ್ಷನ್‌ಗೆ 43 ಪಿಎಸ್‌ಐ ಅಥವಾ ಅದಕ್ಕಿಂತ ಜಾಸ್ತಿ ಬೇಕು. ಅಂದರೆ ಹೊಸ ಪಂಪ್, ರೆಗ್ಯುಲೇಟರ್, ಟ್ಯಾಂಕಿಗೆ ವಾಪಸ್ ಹೋಗುವ ಲೈನ್, ಎಸ್‌ಎಇ 30ಆರ್9 ದರ್ಜೆಯ ಪೈಪ್. ಹಳೇ ಪೈಪಿನಲ್ಲೇ ಆ ಒತ್ತಡ ಬಿಟ್ಟರೆ ಬೆಂಕಿಯ ಜೊತೆ ಆಟ. ನಮ್ಮ ಕಡೆ ಇನ್ನೊಂದು ಬೇಕೇ ಬೇಕು: ಸರ್ಜ್ ಟ್ಯಾಂಕ್, ಅಂದರೆ ಪಂಪ್‌ಗೆ ಸದಾ ಪೆಟ್ರೋಲ್ ಸಿಗುವಂತೆ ಒಂದಿಷ್ಟು ಹಿಡಿದಿಡುವ ಪುಟ್ಟ ಟ್ಯಾಂಕ್. ಆಗುಂಬೆ ಘಾಟಿಯ ತಿರುವುಗಳಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದರೆ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಕಾರ್ಬುರೇಟರ್‌ಗಾದರೆ ಫ್ಲೋಟ್ ಬೌಲ್‌ನಲ್ಲಿ ಒಂದಿಷ್ಟು ಇರುತ್ತದೆ, ಗೊತ್ತೇ ಆಗುವುದಿಲ್ಲ. ಇಂಜೆಕ್ಷನ್ ಅಲ್ಲೇ ಮುಗ್ಗರಿಸುತ್ತದೆ.

ಆಮೇಲೆ ಕರೆಂಟು. 1967ರವರೆಗಿನ ಎಂಜಿಬಿಗಳಲ್ಲಿ ಡೈನಮೋ, ಅದೂ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಿಸಿರುತ್ತದೆ. ಇಸಿಯು ಕೇಳುವುದು ನೆಗೆಟಿವ್ ಅರ್ತ್. ಹಾಗಾಗಿ ಅರ್ತ್ ತಿರುಗಿಸಬೇಕು, ಆಲ್ಟರ್ನೇಟರ್ ಹಾಕಬೇಕು, ಪಂಪ್‌ಗೆ ಬೇರೆ ರಿಲೇ, ಫ್ಯೂಸ್ ಕೊಡಬೇಕು. ಆಕ್ಸಿಡೆಂಟ್ ಆದರೆ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಬಿಡಬೇಡಿ. ಕನೆಕ್ಟರ್‌ಗಳು ನೀರು ಹೋಗದಂಥವೇ ಆಗಬೇಕು. ಜುಲೈಯಲ್ಲಿ ತೀರ್ಥಹಳ್ಳಿ ಕಡೆ ಕಾರು ಓಡಿಸಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಎಂಜಿಬಿಯವರಿಗೆ ಮಾತ್ರ ಒಂದು ಮಾತು. ಇದರ ಹೆಡ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಇನ್‌ಲೆಟ್ ಪೋರ್ಟ್ (ಗಾಳಿ, ಪೆಟ್ರೋಲ್ ಒಳಗೆ ಹೋಗುವ ದಾರಿ) ಎರಡೇ. 1-2ಕ್ಕೆ ಒಂದು, 3-4ಕ್ಕೆ ಒಂದು. ಒಂದೇ ನಲ್ಲಿಗೆ ಎರಡು ಮನೆಯವರು ಕೊಡ ಹಿಡಿದು ನಿಂತ ಹಾಗೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-4-2 ಆಗಿರುವುದರಿಂದ ಜೋಡಿಯ ಎರಡೂ ಸಿಲಿಂಡರ್ ಒಂದರ ಹಿಂದೆ ಒಂದು ಎಳೆದು, ಆಮೇಲೆ ಸುಮ್ಮನಾಗುತ್ತವೆ. ಪೋರ್ಟ್ ಹತ್ತಿರವೇ ಇಂಜೆಕ್ಟರ್ ಇಟ್ಟರೆ ಪಾಲು ಸಮ ಆಗುವುದು ಕಷ್ಟ, ಟ್ಯೂನಿಂಗ್ ಖರ್ಚು ಏರುತ್ತದೆ. ಕಾರ್ಬುರೇಟರ್ ಜಾಗದಲ್ಲೇ ಕೂರುವ ಥ್ರಾಟಲ್ ಬಾಡಿ ಇಂಜೆಕ್ಷನ್ ಇಲ್ಲಿ ಜಾಣತನ.

ಮೈಲೇಜ್ ಆಸೆಗೆ ಮಾಡಿಸುವುದಾದರೆ ಈ ಲೆಕ್ಕ ನೋಡಿ. ವರ್ಷಕ್ಕೆ 3,000 ಕಿ.ಮೀ., ಲೀಟರಿಗೆ 9 ಕಿ.ಮೀ. ಅಂದರೆ ಸುಮಾರು 333 ಲೀಟರ್. ನೂರಕ್ಕೆ ಹತ್ತು ಉಳಿಯಿತು ಅಂತಲೇ ಇಟ್ಟುಕೊಳ್ಳಿ, 33 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ ವರ್ಷಕ್ಕೆ 3,300 ರೂಪಾಯಿ. ಕಾರ್ಬುರೇಟರ್ ರಿಪೇರಿ ಕಳೆದು ಉಳಿದ ಖರ್ಚು 2.5 ಲಕ್ಷ ಆದರೆ ಅಸಲು ಹುಟ್ಟಲು 75 ವರ್ಷ ಬೇಕು! ತೋಟದವರು ನಕ್ಕರು, "ಅಡಿಕೆ ಸಸಿ ನೆಟ್ಟರೆ ಇದಕ್ಕಿಂತ ಬೇಗ ಫಸಲು ಬರುತ್ತೆ" ಅಂದರು.

ಹಾಗಾದರೆ ಯಾರಿಗೆ ಸರಿ? ಕಾರನ್ನು ನಿಜಕ್ಕೂ ಓಡಿಸುವವರಿಗೆ, ಅದರಲ್ಲೂ ಗುಡ್ಡ ಹತ್ತುವವರಿಗೆ. ಶಿವಮೊಗ್ಗ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿ 1,900 ಮೀಟರ್ ಮೀರುತ್ತದೆ. ಅಷ್ಟು ಏರುವಾಗ ಗಾಳಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ತೆಳುವಾಗುತ್ತದೆ. ಕೆಳಗೆ ಟ್ಯೂನ್ ಮಾಡಿದ ಕಾರ್ಬುರೇಟರ್ ಮೇಲೆ ರಿಚ್ ಓಡುತ್ತದೆ, ಅಂದರೆ ಗಾಳಿಗಿಂತ ಪೆಟ್ರೋಲ್ ಪಾಲು ಜಾಸ್ತಿಯಾಗಿ ಪ್ಲಗ್ ಕಪ್ಪಾಗುತ್ತದೆ. ಇಂಜೆಕ್ಷನ್ ಗಾಳಿಯ ಒತ್ತಡ ನೋಡಿ ಪೆಟ್ರೋಲ್ ಕಡಿಮೆ ಮಾಡಿಕೊಳ್ಳುತ್ತದೆ. ಚಳಿಯಲ್ಲಿ ಕೀ ತಿರುಗಿಸಿದರೆ ಸ್ಟಾರ್ಟ್. ದುಡ್ಡು ಕೊಡುವುದು ಈ ಸುಖಕ್ಕೆ. ಅದಕ್ಕೆ ಅಷ್ಟು ಕೊಡಬಹುದು ಅನ್ನಿಸಿದರೆ ಕೊಡಿ, ತಪ್ಪೇನಿಲ್ಲ.

ಕಾಗದಪತ್ರದ ಬೆಲೆಯೂ ಉಂಟು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆ ಯೋಚನೆ ಇದ್ದರೆ ಸ್ಪ್ಯಾನರ್ ಹಿಡಿಯುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಹಾಗೆ ನೋಂದಾಯಿಸಿದ ಕಾರನ್ನು ದಿನಾ ಪೇಟೆಗೆ ಓಡಿಸುವ ಹಾಗಿಲ್ಲ ಅನ್ನುವುದೂ ನೆನಪಿರಲಿ.

ಮಾಡಿಸುವುದೇ ಅಂತಾದರೆ ಪಂಪ್, ಇಂಜೆಕ್ಟರ್, ಸೆನ್ಸರ್‌ಗಳನ್ನು ಆದಷ್ಟು ಮಾರುತಿಯಂಥ ಕಾರಿನವೇ ಆರಿಸಿ. ಸಾಗರದ ಸ್ಪೇರ್ ಅಂಗಡಿಯಲ್ಲೂ ಸಿಗಬೇಕು. ಅಮೆರಿಕದ ಪಾರ್ಟ್ ಕೆಟ್ಟರೆ ಕೊರಿಯರ್ ಬರುವವರೆಗೆ ಕಾರು ಶೆಡ್‌ನಲ್ಲೇ. ಟ್ಯೂನಿಂಗ್ ಕೂಲಿ ಸೇರಿದೆಯಾ ಅಂತ ಬರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ಇಸಿಯು ಮ್ಯಾಪ್ ಫೈಲನ್ನು (ಟ್ಯೂನಿಂಗ್ ಲೆಕ್ಕವೆಲ್ಲ ಇರುವುದು ಇದರಲ್ಲೇ) ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಟ್ಯೂನ್ ಮಾಡಿದವರು ಊರು ಬಿಟ್ಟರೆ ಬೇರೆಯವರು ಮೊದಲಿಂದ ಶುರುಮಾಡಬೇಕಾಗುತ್ತದೆ. ಬಾಡಿಗೆ ಹೊಸ ತೂತು ಕೊರೆಯಲು ಬಿಡಬೇಡಿ, ಬ್ರಾಕೆಟ್ ಮಾಡಿಸಿ. ಎರಡು ಎಸ್‌ಯುಗಳನ್ನು ಮ್ಯಾನಿಫೋಲ್ಡ್, ಲಿಂಕೇಜ್ ಸಮೇತ ಎಣ್ಣೆ ಹಚ್ಚಿ ಡಬ್ಬಿಯಲ್ಲಿಡಿ. ಮುಂದೆ ಕಾರು ಮಾರುವಾಗ ಕೊಳ್ಳುವವರು ಮೊದಲು ಕೇಳುವುದೇ ಅವನ್ನು.